ಓಲೆಗರಿ, ಕ್ಯಾಸೆಟ್, ನುಡಿ, ಕೈಕಸುಬು: ಯಾವುದಕ್ಕೆ ಯಾವ ಪ್ರತಿಷ್ಠಾನದ ಬಾಗಿಲು ತಟ್ಟಬೇಕು?

ಮಠದ ಅಟ್ಟದಲ್ಲಿ ಅರವತ್ತು ಓಲೆಗರಿ ಕಟ್ಟುಗಳಿವೆ. ತೀರಿಹೋದ ಭಾಗವತರೊಬ್ಬರ ಮನೆಯ ಕಪಾಟಿನಲ್ಲಿ ಮುನ್ನೂರು ತಾಳಮದ್ದಳೆ ಕ್ಯಾಸೆಟ್‌ಗಳು ಬೂಷ್ಟು ಹಿಡಿಯುತ್ತಿವೆ. ಕಾಡಂಚಿನ ಹಾಡಿಯಲ್ಲಿ ತಮ್ಮ ನುಡಿಯಲ್ಲಿ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲ ಅಜ್ಜಿಯರು ಇಬ್ಬರೋ ಮೂವರೋ ಉಳಿದಿದ್ದಾರೆ. ಇಂಥದ್ದನ್ನು ಉಳಿಸಬೇಕೆಂದು ಹೊರಡುವ ಶಿಕ್ಷಕರು, ಸಣ್ಣ ಟ್ರಸ್ಟುಗಳು, ಊರಿನ ಸಂಘಗಳು ಎಲ್ಲರೂ ಕೇಳುವುದು ಒಂದೇ ಮಾತು: ಹಣ ಎಲ್ಲಿ ಕೇಳಬೇಕು?

ಏಷ್ಯಾದ ಸಮುದಾಯಗಳ ಸಂಶೋಧನೆಗೆ, ಸಂಸ್ಕೃತಿ ಸಂರಕ್ಷಣೆಗೆ ಹಣ ಕೊಡುವ ಪ್ರತಿಷ್ಠಾನಗಳು ಸಾಕಷ್ಟಿವೆ. ಹೆಚ್ಚಿನವರು ಮೊದಲು ನೋಡುವುದು ಮೊತ್ತವನ್ನು. ಒಂದೂವರೆ ಲಕ್ಷ ಪೌಂಡ್ ಎಂಬ ಅಂಕಿ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಮೊತ್ತ ನೋಡಿ ಆರಿಸಿದ ಅರ್ಜಿಗಳೇ ಹೆಚ್ಚಾಗಿ ಬಿದ್ದುಹೋಗುವುದು. ಗೆದ್ದರೂ ಮುಂದೆ ಹಣ ಖಾತೆಗೆ ಬಾರದೆ ನಿಲ್ಲುವುದುಂಟು. ಮೊತ್ತದ ಲೆಕ್ಕ ಕೊನೆಗೆ ಬರಲಿ. ಅದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಕೆಲವು ಪ್ರಶ್ನೆಗಳಿವೆ.

ಮೊದಲು ನಿಮ್ಮ ಕೆಲಸವನ್ನೇ ಅಳೆಯಿರಿ

ಕೈಯಲ್ಲಿರುವ ವಸ್ತು ಏನು, ಎಷ್ಟು ಹಳೆಯದು? 1900ಕ್ಕೆ ಮೊದಲಿನ ಓಲೆಗರಿಗೂ 1985ರ ಕ್ಯಾಸೆಟ್ಟಿಗೂ ಹಣ ಕೊಡುವವರು ಬೇರೆ ಬೇರೆ. ವಸ್ತುವೇ ಇಲ್ಲದೆ ಜನರ ಬಾಯಲ್ಲಿ, ಕೈಯಲ್ಲಿ ಉಳಿದ ತಿಳಿವಳಿಕೆಗೆ ಮತ್ತೊಬ್ಬರು.

ಸಿಕ್ಕಿದ್ದನ್ನು ಲೋಕಕ್ಕೆಲ್ಲ ತೆರೆದಿಡಬಹುದೇ? ದೊಡ್ಡ ಅನುದಾನಗಳಲ್ಲಿ ಬಹುಪಾಲು ‘ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡುವಂತಿರಬೇಕು’ ಎಂಬ ಷರತ್ತು ಹಾಕುತ್ತವೆ. ದೈವದ ಮುಂದೆ ಮಾತ್ರ ಹೇಳುವ ಪಾಡ್ದನದ (ತುಳುವಿನ ಕಥನಗೀತೆ) ಭಾಗ, ಮನೆತನದವರಷ್ಟೇ ಓದುವ ಮಂತ್ರದ ಕಟ್ಟು, ನಾಟಿವೈದ್ಯರ ಮದ್ದಿನ ಪುಸ್ತಕ, ಇವನ್ನು ಒಡೆಯರ ಮನಸ್ಸು ತಿಳಿಯದೆ ಅರ್ಜಿಯಲ್ಲಿ ಸೇರಿಸಿದರೆ ನಡುವೆ ಕೆಲಸ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ ಊರಿನ ವಿಶ್ವಾಸ ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ.

ಮೂಲ ಪ್ರತಿ ಎಲ್ಲಿ ಉಳಿಯುತ್ತದೆ? ಕ್ಯಾಮೆರಾ, ಕಂಪ್ಯೂಟರ್, ಡಿಸ್ಕು ಕೆಲಸ ಮುಗಿದ ಮೇಲೆ ಯಾರಿಗೆ? ಅರ್ಜಿಯನ್ನು ಯಾವ ಭಾಷೆಯಲ್ಲಿ ಬರೆಯಬಹುದು, ಬರೆಯಲು ಎಷ್ಟು ತಿಂಗಳು ಬೇಕು? ಇವನ್ನೂ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಇನ್ನೊಂದಿದೆ. ಹಣ ಯಾರ ಖಾತೆಗೆ ಬರುತ್ತದೆ? ಭಾರತದಲ್ಲಿ ಬಹಳಷ್ಟು ಒಳ್ಳೆಯ ಯೋಜನೆಗಳು ಮುಗ್ಗರಿಸುವುದು ಇಲ್ಲೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ವಿದೇಶಿ ಹಣ, ಎಫ್‌ಸಿಆರ್‌ಎ ಮತ್ತು ಊರಿನ ಟ್ರಸ್ಟು

ವಿದೇಶಿ ಪ್ರತಿಷ್ಠಾನದ ಅನುದಾನ ಪಡೆಯಲು ಸಂಸ್ಥೆಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿ, ನೋಂದಣಿ ಇರಬೇಕು. ಇಲ್ಲವೇ ಆ ಒಂದು ಅನುದಾನಕ್ಕೆ ಮಾತ್ರ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ವರ್ಷಗಳಲ್ಲಿ ತನ್ನ ಉದ್ದೇಶದ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಊರಿನ ಸಾಂಸ್ಕೃತಿಕ ಟ್ರಸ್ಟುಗಳಲ್ಲಿ ಬಹಳಷ್ಟು ಈ ಮೆಟ್ಟಿಲಲ್ಲೇ ನಿಲ್ಲುತ್ತವೆ. ಪೂರ್ವಾನುಮತಿಯ ಅರ್ಜಿಗೆ ಹಣ ಕೊಡುವವರ ಒಪ್ಪಿಗೆ ಪತ್ರ, ಯೋಜನೆಯ ವಿವರ ಎರಡೂ ಬೇಕು. ಎಂದರೆ ಅನುದಾನ ಮಂಜೂರಾದ ಮೇಲಷ್ಟೇ ಆ ಕೆಲಸ ಶುರು, ಮುಗಿಯಲು ತಿಂಗಳುಗಟ್ಟಲೆ.

2020ರ ತಿದ್ದುಪಡಿ ಇನ್ನಷ್ಟು ಬಿಗಿ ಮಾಡಿತು. ವಿದೇಶಿ ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನಮ್ಮಂಥ ಕೆಲಸಗಳಿಗೆ ಹೆಚ್ಚು ತೊಡಕಾಗಿರುವುದು ಈ ಕೊನೆಯದು. ಬೆಂಗಳೂರಿನ ನೋಂದಾಯಿತ ಸಂಸ್ಥೆಯೊಂದು ಹಣ ತರಿಸಿಕೊಂಡು ನಿಮ್ಮ ಟ್ರಸ್ಟಿಗೆ ಅರ್ಧ ಕೊಡುವ ಹಳೆಯ ಏರ್ಪಾಡು ಈಗ ನಡೆಯುವುದಿಲ್ಲ. ಆ ಸಂಸ್ಥೆಯೇ ನಿಮ್ಮೂರಿನ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡು, ಸಂಬಳ ಕೊಟ್ಟು, ಸಲಕರಣೆ ಕೊಂಡು ಕೆಲಸ ಮಾಡಿಸಬೇಕು. ಅರ್ಜಿಯ ಬಜೆಟ್ಟನ್ನು ಮೊದಲಿನಿಂದಲೇ ಹೀಗೆ ಹೆಣೆಯಿರಿ.

ಒಂದು ಹಾದಿ ಇದೆ, ಬಹಳ ಮಂದಿ ಅದನ್ನು ಯೋಚಿಸುವುದಿಲ್ಲ. ಶಾಸನದ ಮೂಲಕ ಸ್ಥಾಪಿತವಾಗಿ ದೇಶದ ಮಹಾಲೇಖಪಾಲರಾದ ಸಿಎಜಿಯ ಲೆಕ್ಕಪರಿಶೋಧನೆಗೆ ಒಳಪಟ್ಟ ಸಂಸ್ಥೆಗಳಿಗೆ ಎಫ್‌ಸಿಆರ್‌ಎಯಿಂದ ವಿನಾಯಿತಿ ಇದೆ. ಸರ್ಕಾರಿ ವಿಶ್ವವಿದ್ಯಾಲಯದ ಜಾನಪದ, ಹಸ್ತಪ್ರತಿ ಅಥವಾ ಭಾಷಾಶಾಸ್ತ್ರ ವಿಭಾಗವೊಂದು ಆತಿಥೇಯವಾಗಲು ಒಪ್ಪಿದರೆ ಈ ಗಂಟು ಬಿಚ್ಚಿದಂತೆಯೇ. ಬದಲಿಗೆ ಸಹಿಗಳ ಓಡಾಟ, ಖರೀದಿಯ ನಿಯಮ, ಹಣ ಬಿಡುಗಡೆಯ ತಡ ಇವನ್ನು ತಾಳಿಕೊಳ್ಳಬೇಕು. ವ್ಯಕ್ತಿಗತ ಫೆಲೋಶಿಪ್ಪು, ವಿದ್ಯಾರ್ಥಿವೇತನಗಳ ಲೆಕ್ಕ ಬೇರೆ. ಅವು ಬಂದರೂ ಎಫ್‌ಸಿಆರ್‌ಎ ಬಲ್ಲ ಆಡಿಟರ್ ಒಬ್ಬರಿಂದ ಬರಹದಲ್ಲೇ ಅಭಿಪ್ರಾಯ ಪಡೆದು ಕಡತದಲ್ಲಿಡಿ.

ಈ ಪ್ರಶ್ನೆಗೆ ‘ನಮ್ಮ ಹತ್ತಿರ ನೋಂದಣಿಯಿಲ್ಲ, ವಿಶ್ವವಿದ್ಯಾಲಯವೂ ಜೊತೆಗಿಲ್ಲ’ ಎಂಬುದು ಉತ್ತರವಾದರೆ ದೇಶದೊಳಗಿನ ಹಣವೇ ನಿಮ್ಮ ದಾರಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಬೆಂಗಳೂರು

1993ರಲ್ಲಿ ಸ್ಥಾಪನೆಯಾಗಿ 1995ರಿಂದ ಅನುದಾನ ಕೊಡುತ್ತಿರುವ ಸಂಸ್ಥೆ, ಚುಟುಕಾಗಿ ಐಎಫ್‌ಎ. ಕಲಾ ಸಂಶೋಧನೆ, ಕಲಾಭ್ಯಾಸ, ಕಲಾ ಶಿಕ್ಷಣ, ಸಂಗ್ರಹಾಲಯಗಳು ಹೀಗೆ ಹಲವು ವಿಭಾಗಗಳಿವೆ. ಕನ್ನಡಿಗರಿಗೆ ಇದರ ದೊಡ್ಡ ಅನುಕೂಲ ಎಂದರೆ ಪ್ರಸ್ತಾವವನ್ನು ಯಾವ ಭಾರತೀಯ ಭಾಷೆಯಲ್ಲಾದರೂ ಬರೆಯಬಹುದು. ಪಾಡ್ದನವನ್ನೋ ದೊಡ್ಡಾಟವನ್ನೋ ಒಳಗಿನಿಂದ ಬಲ್ಲವರು ತಮ್ಮ ಮಾತಿನಲ್ಲೇ ಕೆಲಸ ವಿವರಿಸಬಹುದು. ಇಂಗ್ಲಿಷ್ ಬರೆಯುವವರನ್ನು ಹುಡುಕಿಕೊಂಡು ಹೋಗಿ, ಅವರ ಬರಹದಲ್ಲಿ ತಮ್ಮ ಯೋಜನೆಯನ್ನೇ ಗುರುತಿಸಲಾಗದ ಸ್ಥಿತಿ ಬರುವುದಿಲ್ಲ.

ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೆ ‘ಕಲಿ ಕಲಿಸು’ ಎಂಬ ಕಾರ್ಯಕ್ರಮವಿದೆ. ಊರಿನ ಕಲೆಯನ್ನು, ಕಸುಬನ್ನು, ಕಥೆಯನ್ನು ತರಗತಿಯೊಳಗೆ ತರುವ ಯೋಜನೆಗಳಿಗೆ ಅದು ನೆರವು ಕೊಡುತ್ತದೆ. ಸೋಬಾನೆ ಪದ ಹಾಡುವ ಹಿರಿಯರನ್ನು ಶಾಲೆಗೆ ಕರೆಸಿ ಮಕ್ಕಳಿಂದಲೇ ದಾಖಲಿಸುವಂಥ ಕೆಲಸಕ್ಕೆ ಇಷ್ಟು ಹತ್ತಿರದ ಬಾಗಿಲು ಇನ್ನೊಂದಿಲ್ಲ.

ಮಿತಿಯನ್ನೂ ತಿಳಿದಿರಿ. ಇಲ್ಲಿ ಬೇಕಾಗುವುದು ಒಂದು ಪ್ರಶ್ನೆ. ‘ನಮ್ಮಲ್ಲಿರುವ ಎಲ್ಲ ಯಕ್ಷಗಾನ ಪ್ರಸಂಗದ ಪ್ರತಿಗಳನ್ನು ಸ್ಕ್ಯಾನ್ ಮಾಡುತ್ತೇವೆ’ ಎಂದರೆ ಅರ್ಜಿ ತೆಳುವಾಗುತ್ತದೆ. ‘ಬಡಗು, ತೆಂಕಿನ ಮೇಳಗಳು ಒಂದೇ ಪ್ರಸಂಗವನ್ನು ರಾತ್ರಿಯಿಡೀ ಆಡುತ್ತಿದ್ದಾಗ ಏನಿತ್ತು, ಮೂರು ಗಂಟೆಗೆ ಇಳಿಸಿದಾಗ ಯಾವ ಪದ್ಯಗಳು ಬಿದ್ದವು?’ ಎಂದು ಕೇಳಿದರೆ ಅದೇ ಪ್ರತಿಗಳು ಸಂಶೋಧನೆಯ ಆಕರವಾಗುತ್ತವೆ. ಹತ್ತು ಸಾವಿರ ಪುಟಗಳ ಛಾಯಾಗ್ರಹಣದಂಥ ಭಾರಿ ಕೆಲಸಕ್ಕೆ ಮುಂದೆ ಹೇಳುವ ಬಾಗಿಲುಗಳೇ ಸರಿ.

ದೇಶದೊಳಗೇ ಇನ್ನೊಂದು ಮೂಲ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ಹಣ. ಕಂಪನಿ ಕಾಯ್ದೆಯ ಏಳನೇ ಪರಿಚ್ಛೇದದಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆಯೂ ಇದೆ. ನಿಮ್ಮ ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ, ಜೊತೆಗೆ ಕಂಪನಿಗಳಿಂದ ಈ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇರಬೇಕು. ಕಂಪನಿಗಳು ಕಣ್ಣಿಗೆ ಕಾಣುವ ಕೆಲಸವನ್ನು, ಅಂದರೆ ಕಟ್ಟಡ ದುರಸ್ತಿ, ಪ್ರದರ್ಶನ, ಉತ್ಸವವನ್ನು ಬೇಗ ಒಪ್ಪುತ್ತವೆ. ಎರಡು ವರ್ಷ ಕೂತು ವಿವರಪಟ್ಟಿ ಮಾಡುವ ಕೆಲಸಕ್ಕೆ ಒಪ್ಪಿಸುವುದು ಕಷ್ಟ. ಕಪಾಟು, ತೇವ ತಡೆಯುವ ಯಂತ್ರ, ಓದುವ ಕೋಣೆ ಇವಕ್ಕೆ ಮಾತ್ರ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.

ಒಂದೇ ಕೆರೆಯ ನಾಲ್ಕು ತೂಬುಗಳು

ಲಿಸ್ಬೆಟ್ ರೌಸಿಂಗ್ ಮತ್ತು ಪೀಟರ್ ಬಾಲ್ಡ್ವಿನ್ ಕಟ್ಟಿದ ಆರ್ಕೇಡಿಯಾ ಪ್ರತಿಷ್ಠಾನದ ಹಣ ನಾಲ್ಕು ಬೇರೆ ಬೇರೆ ಸಂಸ್ಥೆಗಳ ಮೂಲಕ ಹರಿಯುತ್ತದೆ. ಹಸ್ತಪ್ರತಿಗೆ ಒಂದು, ಹೊಸ ಕಾಲದ ದಾಖಲೆಗೆ ಒಂದು, ನುಡಿಗೆ ಒಂದು, ಕೈಕಸುಬಿಗೆ ಒಂದು. ಇದು ಗೊತ್ತಿಲ್ಲದೆ ತಪ್ಪು ಬಾಗಿಲಿಗೆ ಹೋಗಿ ತಿರಸ್ಕಾರ ಪಡೆದು, ಕೆಲಸವೇ ಯೋಗ್ಯವಲ್ಲವೇನೋ ಎಂದು ಕೈಬಿಡುವವರಿದ್ದಾರೆ. ನಾಲ್ಕಕ್ಕೂ ಸಾಮಾನ್ಯವಾದ ಗುಣ, ದಾಖಲೆ ಎಲ್ಲರಿಗೂ ಉಚಿತವಾಗಿ ಸಿಗಬೇಕೆಂಬ ಒತ್ತು.

*ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ (ಇಎಪಿ).* ಬ್ರಿಟಿಷ್ ಲೈಬ್ರರಿಯಲ್ಲಿ 2004ರಿಂದ ನಡೆಯುತ್ತಿದೆ. ಸ್ಥೂಲವಾಗಿ ಇಪ್ಪತ್ತನೇ ಶತಮಾನದ ನಡುವಿಗಿಂತ ಹಿಂದಿನ, ಹಾಳಾಗುವ ಭಯವಿರುವ ದಾಖಲೆಗಳ ಡಿಜಿಟಲ್ ಪ್ರತಿ ತೆಗೆಯಲು ಹಣ ಕೊಡುತ್ತದೆ. ಮೂಲ ಪ್ರತಿ ದೇಶ ಬಿಟ್ಟು ಹೋಗುವಂತಿಲ್ಲ. ಒಂದು ಡಿಜಿಟಲ್ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ, ಇನ್ನೊಂದು ಲಂಡನ್ನಿನಲ್ಲಿ. ಸಲಕರಣೆ ಸ್ಥಳೀಯ ಪಾಲುದಾರರಲ್ಲೇ ಉಳಿಯುತ್ತದೆ. ಸಣ್ಣ ಊರಿನ ಗ್ರಂಥಾಲಯಕ್ಕೆ ಇದು ಸಣ್ಣ ಲಾಭವಲ್ಲ.

ಪೈಲಟ್, ಅಂದರೆ ಪ್ರಾಯೋಗಿಕ ಹಂತದ, ಅನುದಾನ 15,000 ಪೌಂಡ್‌ವರೆಗೆ, ಒಂದು ವರ್ಷಕ್ಕೆ. ದೊಡ್ಡ ಅನುದಾನ 1,50,000 ಪೌಂಡ್‌ವರೆಗೆ, ಎರಡು ವರ್ಷಕ್ಕೆ. ಮಳೆ, ಗೆದ್ದಲು, ಕಟ್ಟಡ ಕೆಡವುವಿಕೆಯಂಥ ತುರ್ತಿಗೆ ಬೇರೆಯದೇ ಅನುದಾನವಿದೆ. ಹೊಸಬರು ಪೈಲಟ್‌ನಿಂದಲೇ ಶುರು ಮಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಯಾವ ಮನೆಯಲ್ಲಿ ಏನಿದೆ ಎಂಬುದೇ ತಿಳಿಯದೆ ದೊಡ್ಡದನ್ನು ಕೇಳಿದರೆ ಲೆಕ್ಕ ತಾಳೆಯಾಗುವುದಿಲ್ಲ. ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ಲೆಪ್ಚಾ ಹಸ್ತಪ್ರತಿಗಳ ವಿಷಯದಲ್ಲಿ ಹುಡುಕುವುದು, ಗುರುತಿಸುವುದೇ ಒಂದು ಯೋಜನೆಯಾಯಿತು, ಏಕೆಂದರೆ ಅವು ಮನೆಮನೆಯಲ್ಲಿ ಚದುರಿದ್ದವು. ಲಾವೋಸಿನ ಲುವಾಂಗ್ ಪ್ರಬಾಂಗ್‌ನಲ್ಲಿ ಬೌದ್ಧ ಭಿಕ್ಷುಗಳು ತಾವೇ ತೆಗೆದು, ಕೂಡಿಟ್ಟ ಛಾಯಾಚಿತ್ರಗಳ ಭಂಡಾರ ಒಂದೇ ಅನುದಾನದಲ್ಲಿ ಮುಗಿಯಲಿಲ್ಲ, ಒಂದರ ಹಿಂದೊಂದು ಯೋಜನೆಯಾಗಿ ಬೆಳೆಯಿತು. ಕರಾವಳಿಯ ತಿಗಳಾರಿ ಲಿಪಿಯ ಕಟ್ಟುಗಳಿಗೂ ಮಲೆನಾಡಿನ ಕಡತಗಳಿಗೂ ಈ ಮೆಟ್ಟಿಲ ಹಾದಿಯೇ ಸರಿ. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯನ್ನು ಮಡಚಿ, ಬಳಪದಲ್ಲಿ ಬರೆದ ಆ ಕಡತಗಳ ಅಕ್ಷರ ಬೆರಳು ಸವರಿದರೂ ಅಳಿಯುತ್ತದೆ. ಕ್ಯಾಮೆರಾದ ಮುಂದೆ ಮಡಿಕೆ ಬಿಡಿಸುವ ಕೈ ಯಾರದ್ದೆಂಬುದನ್ನೂ ಅರ್ಜಿಯಲ್ಲೇ ಹೇಳಿ.

ಇಎಪಿಗೆ ಆತಿಥೇಯ ಸಂಸ್ಥೆ ಬೇಕು. ಮೊದಲು ಸಂಕ್ಷಿಪ್ತ ಅರ್ಜಿ, ಅದು ದಾಟಿದರೆ ಪೂರ್ಣ ಅರ್ಜಿ. ಒಟ್ಟು ಸುಮಾರು ಒಂದು ವರ್ಷ ಹಿಡಿಯುತ್ತದೆಂದು ಇಟ್ಟುಕೊಳ್ಳಿ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿ ಸೈಬರ್ ದಾಳಿಗೆ ತುತ್ತಾಗಿ ಅದರ ಅಂತರ್ಜಾಲ ಸೇವೆಗಳು ಬಹುಕಾಲ ನಿಂತುಹೋದವು. ಲಂಡನ್ನಿನಲ್ಲಿ ಒಂದು ಪ್ರತಿಯಿದೆ ಎಂದು ಊರಿನ ಡಿಸ್ಕನ್ನು ಮೂಲೆಗೆಸೆಯಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

*ಮಾಡರ್ನ್ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ (ಎಂಇಎಪಿ).* ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 2018ರಲ್ಲಿ ಆರಂಭವಾಯಿತು. ಇಎಪಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಇದು ಶುರು: ಇಪ್ಪತ್ತು, ಇಪ್ಪತ್ತೊಂದನೇ ಶತಮಾನದ ದಾಖಲೆಗಳು. ಕ್ಯಾಸೆಟ್, ಫಿಲ್ಮು, ಕರಪತ್ರ, ಚಳವಳಿಯ ಪತ್ರಿಕೆ, ಸ್ಟುಡಿಯೋ ನೆಗೆಟಿವ್ ಎಲ್ಲವೂ ಸಲ್ಲುತ್ತವೆ. ಯೋಜನಾಪೂರ್ವ ಅನುದಾನ 15,000 ಡಾಲರ್‌ವರೆಗೆ, ಮುಖ್ಯ ಅನುದಾನ 50,000 ಡಾಲರ್‌ವರೆಗೆ. ಭಾಗವತರ ಮನೆಯ ಮುನ್ನೂರು ಕ್ಯಾಸೆಟ್ಟಿಗೆ ಇದೇ ತಕ್ಕ ಬಾಗಿಲು.

ಇಲ್ಲಿ ಎಚ್ಚರ ಬೇಕಾದದ್ದು ಹಕ್ಕುಸ್ವಾಮ್ಯದ ಬಗ್ಗೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ. 1985ರಲ್ಲಿ ಕಂಪನಿಯೊಂದು ಹೊರತಂದ ಯಕ್ಷಗಾನ ಕ್ಯಾಸೆಟ್ಟು 2045ರ ಕೊನೆಯವರೆಗೂ ಅವರದ್ದೇ. ಅದನ್ನು ಅಂತರ್ಜಾಲದಲ್ಲಿ ತೆರೆದಿಡುತ್ತೇವೆಂದು ಬರೆದರೆ ಅರ್ಜಿ ಅಲ್ಲೇ ಬೀಳುತ್ತದೆ. ಅಂಗಳದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಮನೆಯವರೇ ಮುದ್ರಿಸಿಕೊಂಡವನ್ನು ಬೇರೆ ಮಾಡಿ. ಅವುಗಳಲ್ಲಿ ದನಿ ಇರುವ ಕಲಾವಿದರ ಅಥವಾ ಅವರ ಮಕ್ಕಳ ಒಪ್ಪಿಗೆ ಪತ್ರ ಕೂಡಿಹಾಕಿ. ಈ ವಿಂಗಡಣೆ ಮಾಡದೆ ಅರ್ಜಿ ಬರೆಯಲು ಕೂರಬೇಡಿ.

*ಎಂಡೇಂಜರ್ಡ್ ಲ್ಯಾಂಗ್ವೇಜಸ್ ಡಾಕ್ಯುಮೆಂಟೇಶನ್ ಪ್ರೋಗ್ರಾಂ (ಇಎಲ್‌ಡಿಪಿ).* 2002ರಲ್ಲಿ ಆರಂಭ, ಬಹುಕಾಲ ಲಂಡನ್ ವಿಶ್ವವಿದ್ಯಾಲಯದ ಕಾಲೇಜಾದ ಸೋಆಸ್‌ನಲ್ಲಿದ್ದು 2021ರಲ್ಲಿ ಬರ್ಲಿನ್ನಿನ ವಿಜ್ಞಾನ ಅಕಾಡೆಮಿಗೆ ಸ್ಥಳಾಂತರವಾಯಿತು. ಸಣ್ಣ ಅನುದಾನ 10,000 ಯೂರೋವರೆಗೆ. ಅದರ ಮೇಲೆ ಸಂಶೋಧನಾ ವಿದ್ಯಾರ್ಥಿಗಳಿಗೆ, ಡಾಕ್ಟರೇಟ್ ಮುಗಿಸಿದವರಿಗೆ, ತಂಡಗಳಿಗೆ ಬೇರೆ ಬೇರೆ ಹಂತಗಳಿವೆ. ಅನ್ವಿತಾ ಅಬ್ಬಿ ಅವರ ನೇತೃತ್ವದಲ್ಲಿ ಅಂಡಮಾನಿನ ಗ್ರೇಟ್ ಅಂಡಮಾನೀಸ್ ನುಡಿಗಳ ದಾಖಲಾತಿ ನಡೆದದ್ದು ಇದರ ನೆರವಿನಿಂದ. ಬೋ ನುಡಿಯ ಕೊನೆಯ ಮಾತುಗಾರ್ತಿ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಅವರ ದನಿ ಇವತ್ತು ಕೇಳಿಸುತ್ತಿರುವುದು ಆ ಕೆಲಸ ಆಗ ನಡೆದಿದ್ದರಿಂದ.

ಇದು ದಾಖಲಾತಿಗೆ ಮಾತ್ರ. ಮಕ್ಕಳಿಗೆ ನುಡಿ ಕಲಿಸುವ ಶಾಲೆ, ಪಠ್ಯಪುಸ್ತಕ ಇವಕ್ಕೆ ಇಲ್ಲಿ ಕೇಳಬೇಡಿ. ತುಳು, ಕೊಡವ ಎರಡೂ ಯುನೆಸ್ಕೋದ ಅಪಾಯದಂಚಿನ ನುಡಿಗಳ ಪಟ್ಟಿಯಲ್ಲಿವೆ, ಆದರೂ ಲಕ್ಷಾಂತರ ಮಂದಿ ಆಡುವ ತುಳುವಿಗಿಂತ ಕೊರಗರ ನುಡಿ, ಜೇನುಕುರುಬರ ನುಡಿಯ ಅರ್ಜಿಗೆ ಇಲ್ಲಿ ತೂಕ ಹೆಚ್ಚು. ಭಾಷಾಶಾಸ್ತ್ರದ ತರಬೇತಿ ಇರುವವರು ತಂಡದಲ್ಲಿರಲೇಬೇಕು. ನಾಲ್ಕರಲ್ಲಿ ಈ ಬಾಗಿಲಿಗೆ ಒಂದು ವಿಶೇಷ ಗುಣವಿದೆ: ದಾಖಲೆ ಸೇರುವ ಇಲಾರ್ ಭಂಡಾರದಲ್ಲಿ ಕೆಲವು ಕಡತಗಳನ್ನು ಅನುಮತಿ ಪಡೆದವರಷ್ಟೇ ನೋಡುವಂತೆ ಇಡಬಹುದು. ಗುಟ್ಟಿನ ಹಾಡು, ಆಚರಣೆಗಳಿದ್ದರೆ ಈ ಅವಕಾಶ ದೊಡ್ಡದು.

*ಎಂಡೇಂಜರ್ಡ್ ಮೆಟೀರಿಯಲ್ ನಾಲೆಡ್ಜ್ ಪ್ರೋಗ್ರಾಂ (ಇಎಂಕೆಪಿ).* ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಸಣ್ಣ ಅನುದಾನ 15,000 ಪೌಂಡ್, ದೊಡ್ಡದು 1,00,000 ಪೌಂಡ್‌ವರೆಗೆ. ವಸ್ತುವನ್ನು ಮಾಡುವ, ಬಳಸುವ, ರಿಪೇರಿ ಮಾಡುವ ತಿಳಿವಳಿಕೆಯನ್ನು ವಿಡಿಯೋ, ಚಿತ್ರ, ಮಾತಿನಲ್ಲಿ ದಾಖಲಿಸಬೇಕು. ಮಲೆನಾಡಿನ ಗೊರಬನ್ನೇ ನೋಡಿ. ನಾಟಿಯ ಹೊತ್ತಿನಲ್ಲಿ ಬೆನ್ನು ಬಾಗಿಸಿದರೂ ಮಳೆ ತಾಗದಂತೆ ತಲೆಯಿಂದ ಬೆನ್ನಿನವರೆಗೆ ಹೊದೆಯುವ ಬಿದಿರು, ಎಲೆಯ ಹೊದಿಕೆ. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಹೆಣೆಯುವವರು ವಿರಳ. ಯಾವ ಬಿದಿರನ್ನು ಎಷ್ಟು ಬಲಿತಾಗ ಕಡಿಯುತ್ತಾರೆ, ಸಲಕು ಎಷ್ಟು ತೆಳ್ಳಗೆ ಸೀಳುತ್ತಾರೆ, ಎಲೆಗಳ ಪದರ ಯಾವ ದಿಕ್ಕಿಗೆ ಕೂರಿಸುತ್ತಾರೆ, ಹರಿದಾಗ ಎಲ್ಲಿಂದ ಬಿಚ್ಚುತ್ತಾರೆ ಎಂಬುದೆಲ್ಲ ಇಲ್ಲಿಗೆ ಸಲ್ಲುವ ವಿಷಯ. ಬೀದರಿನ ಬಿದ್ರಿ, ಚನ್ನಪಟ್ಟಣದ ಗೊಂಬೆಗಳ ಬಗ್ಗೆ ಈಗಾಗಲೇ ಬಹಳ ದಾಖಲಾಗಿದೆ. ಅವಕ್ಕಿಂತ ಯಾರೂ ತಿರುಗಿ ನೋಡದ ದಿನಬಳಕೆಯ ವಸ್ತುವಿಗೆ ಇಲ್ಲಿ ಬೆಲೆ.

ಇನ್ನಷ್ಟು ಬಾಗಿಲುಗಳು, ಬೇಗನೆ

ಅಮೆರಿಕದ ವೆನ್ನರ್-ಗ್ರೆನ್ ಪ್ರತಿಷ್ಠಾನ 1941ರಿಂದ ಮಾನವಶಾಸ್ತ್ರಕ್ಕೆ ಹಣ ಕೊಡುತ್ತಿದೆ. ಸಮುದಾಯದವರನ್ನು ಮಾಹಿತಿ ಕೊಡುವವರನ್ನಾಗಿ ನೋಡದೆ ಸಂಶೋಧನೆಯ ಪಾಲುದಾರರನ್ನಾಗಿ ಮಾಡುವ ಕೆಲಸಗಳಿಗೆ 25,000 ಡಾಲರ್‌ವರೆಗಿನ ‘ಎಂಗೇಜ್ಡ್ ರಿಸರ್ಚ್’ ಅನುದಾನ ಅವರದ್ದು. ಸಂಸ್ಥೆಯ ಮೇಲ್ವೆಚ್ಚಕ್ಕೆ ಹಣ ಕೊಡುವುದಿಲ್ಲ. ಮಾನವಶಾಸ್ತ್ರದ ಪ್ರಶ್ನೆಯಿಲ್ಲದೆ ಬರೀ ಸಂರಕ್ಷಣೆಗೆಂದು ಹೋದರೆ ಫಲವಿಲ್ಲ.

ಜಪಾನಿನ ಟೊಯೊಟಾ ಫೌಂಡೇಶನ್ 1974ರದು. ಅದರ ಅಂತರರಾಷ್ಟ್ರೀಯ ಅನುದಾನ ಏಷ್ಯಾದ ಎರಡು ಅಥವಾ ಹೆಚ್ಚು ದೇಶಗಳ ಜನ ಸಮಾನ ಸಮಸ್ಯೆಯೊಂದನ್ನು ಜೊತೆಯಾಗಿ ಕಲಿಯುವ ಯೋಜನೆಗಳಿಗೆ. ಒಂದೇ ಊರಿನ ಕೆಲಸ ಇಲ್ಲಿ ಹೊಂದುವುದಿಲ್ಲ. ಆ ವರ್ಷದ ಕರೆಯಲ್ಲಿ ಯಾವ ದೇಶಗಳ ಹೆಸರಿದೆ ಎಂಬುದನ್ನು ಮೊದಲು ನೋಡಿ.

ನೆರೆ, ಭೂಕುಸಿತ, ಬೆಂಕಿ ಬಿದ್ದಾಗ ಮೇಲಿನ ಯಾವುದಕ್ಕೂ ಕಾಯುವಷ್ಟು ಹೊತ್ತಿರುವುದಿಲ್ಲ. ನೆದರ್ಲೆಂಡ್ಸಿನ ಪ್ರಿನ್ಸ್ ಕ್ಲಾಸ್ ಫಂಡ್ 2003ರಲ್ಲಿ ಹುಟ್ಟುಹಾಕಿದ ‘ಕಲ್ಚರಲ್ ಎಮರ್ಜೆನ್ಸಿ ರೆಸ್ಪಾನ್ಸ್’ ಈಗ ಸ್ವತಂತ್ರ ಸಂಸ್ಥೆ. ಒದ್ದೆಯಾದ ಪುಸ್ತಕಗಳನ್ನು ಎತ್ತಿಡುವುದು, ಕುಸಿದ ಗೋಡೆಗೆ ಊರೆ ಕೊಡುವುದು ಇಂಥ ಮೊದಲ ಚಿಕಿತ್ಸೆ ಅದರ ಕೆಲಸ. 2018ರಲ್ಲಿ ಕೊಡಗಿನಲ್ಲಾದಂಥ ಮಳೆಗಾಲ ಮತ್ತೆ ಬರುವ ಮುನ್ನವೇ ಇದರ ಹೆಸರು ನಿಮ್ಮ ಸಂಗ್ರಹದ ಗೋಡೆಯ ಮೇಲಿರಲಿ.

ಬಹಳ ಸಣ್ಣ ಹಣ ಸಾಕೆಂದರೆ ಬ್ರಿಟನ್ನಿನ ಫೌಂಡೇಶನ್ ಫಾರ್ ಎಂಡೇಂಜರ್ಡ್ ಲ್ಯಾಂಗ್ವೇಜಸ್, ಅಮೆರಿಕದ ಎಂಡೇಂಜರ್ಡ್ ಲ್ಯಾಂಗ್ವೇಜ್ ಫಂಡ್ ಇವೆ. ಸಾವಿರ ಡಾಲರಿನ ಆಸುಪಾಸಿನಿಂದ ಕೆಲವು ಸಾವಿರದವರೆಗೆ. ಒಂದು ರೆಕಾರ್ಡರ್, ಮೈಕು, ಮೂರು ತಿಂಗಳ ಓಡಾಟಕ್ಕೆ ಆದೀತು. ಇಎಲ್‌ಡಿಪಿಯಂತೆ ದಾಖಲಾತಿಗೆ ಮಾತ್ರ ಎನ್ನದೆ ನುಡಿಯನ್ನು ಮತ್ತೆ ಬಳಕೆಗೆ ತರುವ ಕೆಲಸವನ್ನೂ ಇವು ಪರಿಗಣಿಸುತ್ತವೆ. ಆದರೆ ಎಫ್‌ಸಿಆರ್‌ಎ ಪ್ರಶ್ನೆ ಸಾವಿರ ಡಾಲರಿಗೂ ಇದೆ, ಲಕ್ಷಕ್ಕೂ ಇದೆ ಎಂಬುದನ್ನು ಮರೆಯಬೇಡಿ.

ಈಗ ಮೊತ್ತದ ಲೆಕ್ಕ

ಅರವತ್ತು ಕಟ್ಟು, ಒಂದೊಂದರಲ್ಲಿ ಸರಾಸರಿ 80 ಗರಿ, ಎರಡು ಬದಿ: 9,600 ಚಿತ್ರ. ಹೊರಹಲಗೆ, ಬಣ್ಣ ತಾಳೆ ನೋಡಲು ಇಡುವ ಪಟ್ಟಿ, ಮತ್ತೆ ತೆಗೆಯಬೇಕಾದವು ಸೇರಿ 10,000. ಗರಿ ತಿರುಗಿಸುವವರು ಒಬ್ಬರು, ಕ್ಯಾಮೆರಾ ಹಿಡಿದವರು ಒಬ್ಬರು ಎಂದರೆ ದಿನಕ್ಕೆ 250 ಚಿತ್ರ ಆರಾಮದ ವೇಗ. ಅಲ್ಲಿಗೆ 40 ಕೆಲಸದ ದಿನ. ಹಳೆಯ ಲಿಪಿ ಓದಿ ಗ್ರಂಥದ ಹೆಸರು, ಕರ್ತೃ, ಲಿಪಿಕಾರ, ಕಾಲ ಗುರುತಿಸಲು ದಿನಕ್ಕೆ ಎರಡು ಕಟ್ಟಿನಂತೆ ಇನ್ನೂ 30 ದಿನ. 24 ಮೆಗಾಪಿಕ್ಸೆಲ್‌ನ ಒಂದು 8-ಬಿಟ್ ಟಿಫ್ ಚಿತ್ರ 72 ಎಂಬಿ, ಹತ್ತು ಸಾವಿರಕ್ಕೆ 720 ಜಿಬಿ. ಕ್ಯಾಮೆರಾದ ರಾ ಕಡತಗಳೂ ಸೇರಿದರೆ ಒಂದು ಟಿಬಿ ಹತ್ತಿರ. ಇದರ ಮೂರು ಪ್ರತಿ ಮೂರು ಕಟ್ಟಡಗಳಲ್ಲಿರಬೇಕು. ಕರೆಂಟು, ಹಬ್ಬ, ಮಳೆ, ಅಂಟಿಕೊಂಡ ಗರಿ ಎಲ್ಲ ಲೆಕ್ಕ ಹಾಕಿ ಆರು ತಿಂಗಳು ಹಿಡಿಯಿರಿ. ಇದು ಇಎಪಿ ಪೈಲಟ್ ಮೊತ್ತದೊಳಗೆ ಸಲೀಸಾಗಿ ಆಗುವ ಕೆಲಸ. ಇದಕ್ಕೆ ದೊಡ್ಡ ಅನುದಾನ ಕೇಳಿದರೆ ಪರಿಶೀಲಿಸುವವರಿಗೆ ನಿಮ್ಮ ಲೆಕ್ಕದ ಮೇಲೇ ಸಂಶಯ ಬರುತ್ತದೆ.

ಕ್ಯಾಸೆಟ್ಟಿನ ಲೆಕ್ಕ ಬೇರೆ. ಅಲ್ಲಿ ವೇಗ ಹೆಚ್ಚಿಸಲಾಗದು, ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಒಂದೂವರೆ ಗಂಟೆಯ ಮುನ್ನೂರು ಸಿ-90 ಟೇಪು ಎಂದರೆ 450 ಗಂಟೆ. ಒಂದು ಡೆಕ್ಕಿನಲ್ಲಿ ದಿನಕ್ಕೆ ಆರು ಗಂಟೆ ಓಡಿಸಿದರೆ 75 ದಿನ. 96 ಕಿಲೋಹರ್ಟ್ಜ್, 24-ಬಿಟ್ ಸ್ಟೀರಿಯೋ ವೇವ್ ಕಡತ ಗಂಟೆಗೆ ಎರಡು ಜಿಬಿ, ಒಟ್ಟು 900 ಜಿಬಿ ದಾಟುತ್ತದೆ. ಡೆಕ್ಕಿನ ಹೆಡ್ಡು ಪ್ರತಿ ಟೇಪಿಗೂ ಸರಿಯಾದ ಕೋನದಲ್ಲಿ ಕೂರದಿದ್ದರೆ ಚೆಂಡೆಯ ಪೆಟ್ಟು ಮಂಕಾಗುತ್ತದೆ, ಭಾಗವತರ ದನಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಒಮ್ಮೆ ಹಾಗೆ ಮುದ್ರಿಸಿದರೆ ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿಯಾಗದು. ಬೂಷ್ಟು ಹಿಡಿದ ಟೇಪನ್ನು ಹಾಗೇ ಹಾಕಿದರೆ ಹೆಡ್ಡಿನಿಂದ ಮುಂದಿನ ಟೇಪಿಗೂ ಹರಡುತ್ತದೆ. ಒಳಗಿನ ಒತ್ತುಪಟ್ಟಿ ಕಿತ್ತುಹೋಗಿದ್ದರೆ ಟೇಪಿನ ಸುರುಳಿಯನ್ನು ಸ್ಕ್ರೂ ಇರುವ ಬೇರೆ ಚಿಪ್ಪಿಗೆ ದಾಟಿಸಬೇಕು. ಹಾಗಾಗಿ ಡೆಕ್ ಸರ್ವೀಸಿಗೆ, ಖಾಲಿ ಚಿಪ್ಪುಗಳಿಗೆ, ಕೈ ಪಳಗಿದ ತಂತ್ರಜ್ಞರಿಗೆ ಬಜೆಟ್ಟಿನಲ್ಲಿ ಬೇರೆ ಸಾಲು ಬೇಕು.

ನುಡಿಯ ದಾಖಲಾತಿಯಲ್ಲಿ ರೆಕಾರ್ಡಿಂಗ್ ಅಗ್ಗ, ಬರಹ ದುಬಾರಿ. ಒಂದು ಗಂಟೆಯ ಮಾತನ್ನು ಬರೆದು, ಕನ್ನಡಕ್ಕೂ ಇಂಗ್ಲಿಷಿಗೂ ಅನುವಾದಿಸಲು 40–50 ಗಂಟೆಯಾದರೂ ಹಿಡಿಯುತ್ತದೆ. ಹತ್ತು ಗಂಟೆಯ ದಾಖಲೆಗೆ ಒಬ್ಬರ 50–60 ದಿನದ ಕೆಲಸ. ಆ ಕೆಲಸ ಮಾಡಬಲ್ಲವರು ಆ ನುಡಿಯವರೇ, ಆದ್ದರಿಂದ ಬಜೆಟ್ಟಿನ ದೊಡ್ಡ ಪಾಲು ಹಾಡಿಯ ಯುವಕರ ಸಂಬಳಕ್ಕೆ ಹೋಗಬೇಕು. ಪ್ರಯಾಣಕ್ಕೂ ಲ್ಯಾಪ್‌ಟಾಪಿಗೂ ಹೆಚ್ಚು ಇಟ್ಟು ಅವರಿಗೆ ಗೌರವಧನ ಎಂದು ಚಿಲ್ಲರೆ ಇಡುವ ಬಜೆಟ್ ನ್ಯಾಯವಲ್ಲ.

ಯಾರಿಗೆ ಯಾವುದು

ಸರ್ಕಾರಿ ಶಾಲೆಯ ಮೇಷ್ಟರಿಗೆ ಐಎಫ್‌ಎಯ ಕಲಿ ಕಲಿಸು. ಎಫ್‌ಸಿಆರ್‌ಎ ನೋಂದಣಿಯಿಲ್ಲದ ಟ್ರಸ್ಟಿಗೆ, ಇಂಗ್ಲಿಷ್ ಸಲೀಸಲ್ಲದ ಜಾನಪದ ಸಂಶೋಧಕರಿಗೆ ಐಎಫ್‌ಎಯ ಸಂಶೋಧನಾ ವಿಭಾಗ. ಮಠ ಅಥವಾ ಮನೆತನದ ಹಳೆಯ ಸಂಗ್ರಹವಿದ್ದು ವಿಶ್ವವಿದ್ಯಾಲಯ ಜೊತೆಗೂಡಿದರೆ ಇಎಪಿ ಪೈಲಟ್. ಅದೇ ಸಂಗ್ರಹದ ಒಡೆಯರು ಅಂತರ್ಜಾಲದಲ್ಲಿ ಹಾಕುವುದು ಬೇಡವೆಂದರೆ ಇಎಪಿ ಮರೆತು, ಸಿಎಸ್‌ಆರ್ ಅಥವಾ ಸ್ಥಳೀಯ ದಾನಿಗಳಿಂದ ಕಪಾಟು, ಕ್ಯಾಮೆರಾ ಕೊಂಡು ಊರಿನಲ್ಲೇ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಕೆಲಸ ನಿಧಾನವಾದರೂ ಸಂಬಂಧ ಕೆಡುವುದಿಲ್ಲ. ಭಾಷಾಶಾಸ್ತ್ರ ಓದಿದ, ಸಮುದಾಯದೊಳಗಿನವರೇ ಆದ ಸಂಶೋಧನಾ ವಿದ್ಯಾರ್ಥಿಗೆ ಇಎಲ್‌ಡಿಪಿ. ಅಜ್ಜಿಗೆ ಎಂಬತ್ತೈದು ದಾಟಿದ್ದರೆ ಇಎಲ್‌ಡಿಪಿಯ ಫಲಿತಾಂಶಕ್ಕೆ ಕಾಯಬೇಡಿ. ಊರವರಿಂದಲೇ ಹಣ ಕೂಡಿಸಿ ಒಳ್ಳೆಯ ಮೈಕು ಕೊಂಡು ಈ ತಿಂಗಳೇ ಐದು ಗಂಟೆ ಮುದ್ರಿಸಿ. ಆ ಐದು ಗಂಟೆ ಮುಂದಿನ ಅರ್ಜಿಯ ಬಲವೂ ಹೌದು.

ಯಾವ ಬಾಗಿಲಾದರೂ ಅರ್ಜಿಗೆ ಮೊದಲು ಎರಡು ಹಾಳೆ ಸಿದ್ಧವಾಗಬೇಕು. ಒಂದು ಎಣಿಕೆಯದು: ಕಟ್ಟು ಎಷ್ಟು, ಗರಿ ಎಷ್ಟು, ಉದ್ದ ಅಗಲ ಎಷ್ಟು, ಹುಳ ತಿಂದವು, ಅಂಟಿದವು, ಮುರಿದವು ಎಷ್ಟು. ಇನ್ನೊಂದು ಒಪ್ಪಿಗೆಯದು, ಕನ್ನಡದಲ್ಲಿ: ಮೂಲ ಯಾರ ಬಳಿ ಇರುತ್ತದೆ, ಪ್ರತಿ ಎಲ್ಲೆಲ್ಲಿ ಹೋಗುತ್ತದೆ, ಯಾರು ನೋಡಬಹುದು, ಮನಸ್ಸು ಬದಲಾದರೆ ಯಾರಿಗೆ ಹೇಳಬೇಕು. ಮನೆಯ ಒಬ್ಬ ಅಣ್ಣ ಸಹಿ ಹಾಕಿ, ಪಾಲಿನಲ್ಲಿ ಹಕ್ಕಿರುವ ತಮ್ಮ ಆಮೇಲೆ ತಡೆದ ಕಾರಣಕ್ಕೆ ಕೆಲಸ ನಿಲ್ಲುವುದು ಸಾಮಾನ್ಯ, ಆದ್ದರಿಂದ ಪಾಲುದಾರರೆಲ್ಲರ ಸಹಿ ಇರಲಿ.

ಎಣಿಸಲು ಕೂರುವಾಗ ಕಟ್ಟನ್ನು ಬಿಚ್ಚುವ ಮೊದಲು ಹೊರಗಿನಿಂದ ಒಂದು ಚಿತ್ರ ತೆಗೆಯಿರಿ, ದಾರ ಯಾವ ತೂತಿನಿಂದ ಹೇಗೆ ಸುತ್ತಿದೆ ಎಂಬುದು ಅದರಲ್ಲಿ ಕಾಣಲಿ. ಅಂಟಿದ ಗರಿಗಳನ್ನು ಉಗುರಿನಿಂದ ಬಿಡಿಸಬೇಡಿ, ಮೇಲ್ಪದರದ ಜೊತೆ ಅಕ್ಷರವೂ ಏಳುತ್ತದೆ. ನಿಂಬೆಹುಲ್ಲಿನ ಎಣ್ಣೆ ಸವರುವುದನ್ನು ಸಂರಕ್ಷಣೆ ಬಲ್ಲವರು ಬಂದು ನೋಡುವವರೆಗೆ ತಡೆಹಿಡಿಯಿರಿ, ಗರಿಯ ಮೇಲೆ ಶಾಯಿಯಲ್ಲಿ ಬರೆದದ್ದಿದ್ದರೆ, ಚಿತ್ರ ಬಿಡಿಸಿದ್ದರೆ ಅದು ಹಬ್ಬಿ ಅಳಿಯಬಹುದು. ಅಂಟಿದ ಗರಿಗಳ ಸಂಖ್ಯೆಯನ್ನು ಮಾತ್ರ ಹಾಳೆಯಲ್ಲಿ ಬರೆದುಕೊಂಡು, ದಾರವನ್ನು ಮೊದಲಿದ್ದಂತೆಯೇ ಸುತ್ತಿ ಒಳಗಿಡಿ.